ಕುಸುಬಿಯ ಮುಳ್ಳು ದಾಟಿದ ಕೈ

ನಿಜಾಮರ ಸೀಮೆಯ ಕೊಪ್ಪಳದಲ್ಲಿ ರೈಲು ಇಳಿದು, ಕುಷ್ಟಗಿಯ ಅಕ್ಕನ ಮನೆಗೆ ಬಂಡಿಯಲ್ಲಿ ಹೊರಟೆ. ಎರಡು ದಿನದ ದಾರಿ, ಬಾಡಿಗೆ ನಿಜಾಮರ ನಾಣ್ಯದಲ್ಲಿ ಮೂರು ಹಾಲಿ ರೂಪಾಯಿ. ಬಂಡಿಯವನು ಹನುಮಪ್ಪ. ಅವನ ಬದುಕೆಲ್ಲ ಆ ಎರಡು ಎತ್ತುಗಳ ಮೇಲೆಯೇ ನಿಂತಿತ್ತು.

ರಾತ್ರಿ ಯಲಬುರ್ಗಾದಲ್ಲಿ ಉಳಿದು, ಬೆಳಿಗ್ಗೆ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಮುಂದೆ ನಡೆದೆವು. ಮಧ್ಯಾಹ್ನ ಒಂದು ಹೊಲದ ಬದಿಗೆ ಎತ್ತು ಬಿಚ್ಚಿ, ಹನುಮಪ್ಪ ಕೊಡ ಹಿಡಿದು ಬಾವಿಗೆ ಹೋದ. ನನ್ನ ಟಿಪ್ಪಣಿಯಲ್ಲಿ ಆ ಹೊಲ ದಾರಿಯ ಬಲಕ್ಕಿದೆ, ನೆನಪಿನಲ್ಲಿ ಎಡಕ್ಕೆ. ಎರಡನ್ನೂ ನಂಬುವುದಿಲ್ಲ. ಕೈಮೇಲೆ ಉಳಿದ ಗೀರನ್ನು ಮಾತ್ರ ನಂಬುತ್ತೇನೆ.

ದನ ನುಗ್ಗದಂತೆ ಹೊಲದ ಅಂಚಿಗೆ ನಾಲ್ಕು ಸಾಲು ಕುಸುಬಿ ಬಿತ್ತಿದ್ದರು, ಎಲೆಯೆಲ್ಲ ಮುಳ್ಳು. ಒಳಗೆ ಜೋಳ ಕೊಯ್ದಾಗಿತ್ತು, ಕೂಳೆಗಳ ಬುಡದಿಂದ ಗೇಣುದ್ದದ ಚಿಗುರು ಎದ್ದಿತ್ತು. ಕಣ್ಣಿಗೆ ಬೀಳುವ ಹಸಿರು ಅದೊಂದೇ. ಬಿಳಿ ಎತ್ತು ಕುಸುಬಿಗೆ ಮೂತಿ ತಾಗಿಸಿ ಹಿಂದೆ ಸರಿಯಿತು. ಪಾಪವೆನಿಸಿ ನಾನೇ ಸಾಲು ದಾಟಿದೆ. ಕೈ ಗೀರಿಸಿಕೊಂಡು ಒಂದು ಹಿಡಿ ಚಿಗುರು ಕಿತ್ತು ತಂದು ಅದಕ್ಕೆ ತಿನ್ನಿಸತೊಡಗಿದೆ.

"ಏ ಯಪ್ಪಾ, ಕೊಡಬ್ಯಾಡ್ರಿ!" ಹೊಲದೊಡತಿ ಕುಡುಗೋಲು ಬಿಸುಟು ಓಡಿಬಂದಳು. "ಎಷ್ಟು ತಿಂತು?"

"ಒಂದು ತುತ್ತು. ಯಾಕೆ ತಾಯಿ?"

"ಕೂಳಿ ಚಿಗುರು ವಿಷ ಐತ್ರಿ! ಹೊಟ್ಟಿ ತುಂಬ ತಿಂದಿದ್ರ ಇಲ್ಲೇ ಬೀಳ್ತಿತ್ತು."

ಅವಳು ಎತ್ತಿನ ಬಾಯಿಗೆ ಕೈ ಹಾಕಿ ಉಳಿದದ್ದನ್ನು ಎಳೆದು ತೆಗೆದಳು. ಕೊಡ ಹೊತ್ತು ಬಂದ ಹನುಮಪ್ಪನ ಮುಖ ಬಿಳಿಚಿತು. ನೀರಿಗೆ ತನ್ನ ಬುತ್ತಿಯ ಬೆಲ್ಲ ಕಲಸಿ ಕುಡಿಸುತ್ತ, "ಎತ್ತಿಗೆ ಮೇವು ಹಾಕಂತ ನಿಮಗ ಯಾರು ಹೇಳಿದ್ರಿ?" ಎಂದ.

ಮೂವರೂ ಎತ್ತಿನ ಉಸಿರನ್ನೇ ನೋಡುತ್ತ ಕೂತೆವು.

"ಓದಿದವ್ರಿರಬೇಕು," ಎಂದಳು ಅವಳು. "ಮುಳ್ಳು ಕಂಡ್ರ ದನ ನಿಲ್ತಾವು, ಇವ್ರು ದಾಟ್ಯಾರ ನೋಡು. ಕುಸುಬಿ ಎಳೇದಿದ್ದಾಗ ಪಲ್ಲೆ ಮಾಡಿ ತಿಂತೀವಿ, ಬಲತ ಮ್ಯಾಲ ಮುಳ್ಳು. ಜೋಳ ಉಲ್ಟಾ: ಎಳೇದು ವಿಷ, ಬಲತದ್ದು ಮೇವು. ಒಂದೊಂದು ಒಂದೊಂದು ರೀತಿ ತನ್ನ ಕಾಯ್ಕೊಂತೈತ್ರಿ."

ನೆರಳು ಬಂಡಿಯ ಆಚೆಗೆ ಸರಿದ ಮೇಲೆ ಎತ್ತು ಮೆಲುಕು ಹಾಕತೊಡಗಿತು. ಹನುಮಪ್ಪ ಅದರ ಕೊರಳಿಗೆ ಹಣೆಯಿಟ್ಟು ನಿಂತ.

ಐದು ದಿನದ ನಂತರ ಅದೇ ಬಂಡಿಯಲ್ಲಿ ಹಿಂದಿರುಗುವಾಗ, ಅದೇ ಹೊಲದ ಹತ್ತಿರ ಬಿಳಿ ಎತ್ತು ಮತ್ತೆ ಹಸಿರಿನತ್ತ ಕತ್ತು ಚಾಚಿತು. ನಾನು ಗಾಬರಿಯಿಂದ ಹಗ್ಗಕ್ಕೆ ಕೈ ನೀಡಿದೆ. ಹನುಮಪ್ಪ ನಕ್ಕ.

"ಎತ್ತನ್ನ ಕುಸುಬಿ ನೋಡ್ಕೊಂತೈತ್ರಿ. ನೀವು ನಿಮ್ಮ ಕೈ ಬಂಡ್ಯಾಗ ಇಟ್ಕೋರಿ."