ತೊಳೆದಿಟ್ಟ ನೆಲ

ಮಕ್ಕಳನ್ನು ಹೊಡೆಯದೆ, ಬಡಿಯದೆ ಕಲಿಸಬಹುದು ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾತು ಸುಳ್ಳೆಂದಲ್ಲ, ನಾನೇ ಹಾಗೆ ಕಲಿಸಿದವಳು. ಆದರೆ ಕಲಿತ ಮಗುವಿನ ಮುಂದಿನ ಗತಿ ಏನು ಎಂದು ಆ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ.

ಎಪ್ಪತ್ತರ ದಶಕದ ಕೊನೆ. ವಾಡಿಯಲ್ಲೊಂದು ಬಾಡಿಗೆ ಕೋಣೆ ಹಿಡಿದಿದ್ದೆ. ಶಹಾಬಾದಿನ ದಾರಿಯಲ್ಲಿದ್ದ ಕಲ್ಲುಗಣಿಯ ಕೂಲಿಕಾರರ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಶಾಲೆ ತೆರೆದವರು ಪಟ್ಟಣದ ಒಬ್ಬ ಹಿರಿಯರು. ಗಂಟೆ ಬೇಡ, ಬೆತ್ತ ಬೇಡ, ಪರೀಕ್ಷೆ ಬೇಡ, ಮಗು ತನ್ನ ಸುತ್ತಲಿನ ಬದುಕಿನಿಂದಲೇ ಕಲಿಯಲಿ ಎನ್ನುತ್ತಿದ್ದರು. ಅವರ ಮೊಮ್ಮಕ್ಕಳು ಮಾತ್ರ ಟೈ ಕಟ್ಟಿಕೊಂಡು ಕಾನ್ವೆಂಟಿಗೆ ಹೋಗುತ್ತಿದ್ದರು.

ನಮ್ಮಲ್ಲಿ ಪಾಟಿ ಇರಲಿಲ್ಲ, ನೋಟ್‌ಬುಕ್ಕೂ ಇರಲಿಲ್ಲ. ನೆಲವಿತ್ತು. ಗಣಿಯಲ್ಲಿ ಮೂಲೆ ಮುರಿದು ಮಾರಾಟವಾಗದೆ ಉಳಿದ ಪರಸಿ ಕಲ್ಲಿನ ಚಪ್ಪಡಿಗಳನ್ನು ಅಪ್ಪಂದಿರೇ ಹೊತ್ತು ತಂದು ಹಾಸಿದ್ದರು. ಒಂದು ಮಗುವಿಗೆ ಒಂದು ಪರಸಿ. ಸೀಮೆಸುಣ್ಣದಿಂದ ಬರೆಯುವುದು, ಗೀಚುವುದು, ಲೆಕ್ಕ ಬಿಡಿಸುವುದು ಎಲ್ಲ ಅದರ ಮೇಲೆಯೇ. ಮಗು ತಾನಾಗಿ ಸಾಕೆನ್ನುವವರೆಗೆ ಅದನ್ನು ಯಾರೂ ಅಳಿಸುವಂತಿರಲಿಲ್ಲ, ನಾನೂ ಅಳಿಸುವಂತಿರಲಿಲ್ಲ. ಆ ಪುಂಡ ಮಕ್ಕಳು ಒಬ್ಬರ ಪರಸಿಯನ್ನು ಇನ್ನೊಬ್ಬರು ತುಳಿಯದೆ ಗೋಡೆಗೆ ಒತ್ತಿ ನಡೆಯುತ್ತಿದ್ದರು.

ಅವರಲ್ಲೊಬ್ಬಳು ಹುಡುಗಿ ತಿಂಗಳುಗಟ್ಟಲೆ ತನ್ನ ಪರಸಿಯ ಮೇಲೆ ಗಣಿಯನ್ನೇ ಬರೆದಿದ್ದಳು. ಮೇಲೆ ಕರಿಮಣ್ಣು, ಕೆಳಗೆ ಪದರ ಪದರವಾಗಿ ಕಲ್ಲು. ಯಾವ ಪದರ ಎಷ್ಟು ಗೇಣು ದಪ್ಪ ಎಂದು ಅಪ್ಪನ ಜೊತೆ ಇಳಿದು ತಾನೇ ಅಳೆದು ಗುರುತು ಹಾಕಿದ್ದಳು. ಎಲ್ಲಕ್ಕಿಂತ ಕೆಳಗೆ ತನ್ನ ಮಾತಿನಲ್ಲೇ ಬರೆದಿದ್ದಳು: ‘ಇದರ ಕೆಳಗ ಏನದ? ಅಪ್ಪಗ ಗೊತ್ತಿಲ್ಲ. ಅಕ್ಕೋರಿಗೂ ಗೊತ್ತಿಲ್ಲ.’ ಅಕ್ಕೋರು ಅಂದರೆ ನಾನು. ಅದನ್ನು ಓದಿ ನಕ್ಕಿದ್ದೆ. ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಆ ವರ್ಷ ಅವಳು ಐದನೆಯ ತರಗತಿಗೆ ಸರ್ಕಾರಿ ಶಾಲೆ ಸೇರಬೇಕಿತ್ತು. ನಮ್ಮ ಶಾಲೆಗೆ ಮಾನ್ಯತೆ ಸಿಕ್ಕರೆ ಮಾತ್ರ ಅದು ಸಾಧ್ಯ. ಸಿಗದಿದ್ದರೆ ಮತ್ತೆ ಒಂದನೆಯ ತರಗತಿಯಿಂದ ಶುರು. ಮಾನ್ಯತೆಗಾಗಿ ಸಾಹೇಬರೊಬ್ಬರು ತಪಾಸಣೆಗೆ ಬರುವವರಿದ್ದರು. ಹಿಂದಿನ ದಿನ ಮಕ್ಕಳಿಗೆ ಹೇಳಿದೆ, “ನಾಳೆ ನಿಮ್ಮ ನಿಮ್ಮ ಪರಸಿ ಮುಂದ ನಿಂದ್ರಿ. ಏನ್ ಬರದೀರಿ, ಸಾಹೇಬ್ರಿಗೆ ನೀವೇ ತಿಳಿಸಿ ಹೇಳ್ರಿ.” ಸಾಹೇಬರು ಬರುವ ಸುದ್ದಿ ಸಂಜೆಯೇ ಮನೆಮನೆಗೆ ಮುಟ್ಟಿತು.

ಮರುದಿನ ವಾಡಿಯಿಂದ ಸಾಹೇಬರ ಜೀಪಿನಲ್ಲೇ ಬಂದಿಳಿದೆ. ಶಾಲೆಯ ಬಾಗಿಲಲ್ಲಿ ರಂಗೋಲಿ. ತಾಯಂದಿರೆಲ್ಲ ಕೆಲಸ ಬಿಟ್ಟು, ಒಗೆದ ಸೀರೆ ಉಟ್ಟು ನಿಂತಿದ್ದರು. ಒಳಗೆ ನೆಲ ಹಸಿಹಸಿಯಾಗಿ ಫಳಫಳ ಹೊಳೆಯುತ್ತಿತ್ತು. ಒಂದು ಅಕ್ಷರವಿಲ್ಲ, ಒಂದು ಗೆರೆಯಿಲ್ಲ.

ಆ ಹುಡುಗಿಯ ಅವ್ವ ಮುಂದೆ ಬಂದಳು. “ಬರ್ರಿ ಅಕ್ಕೋರೆ, ಒಳಗ ಬರ್ರಿ. ಹುಡುಗ್ರು ಏಳೂದ್ರಾಗ ನಾವೆಲ್ಲಾ ಕೂಡಿ ತೊಳದೀವಿ. ಭಾಳ ಹೊಲಸು ಮಾಡಿಟ್ಟಿದ್ರು ನೋಡ್ರಿ.”

ನಮ್ಮ ಕಡೆ ದೊಡ್ಡವರು ಮನೆಗೆ ಬರುತ್ತಾರೆಂದರೆ ಮೊದಲು ನೆಲಕ್ಕೆ ನೀರು ಬೀಳಬೇಕು. ತೊಳೆಯದ ನೆಲದ ಮೇಲೆ ಅತಿಥಿಯನ್ನು ಕೂರಿಸುವುದು ಅವಮಾನ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹುಡುಗಿ ತನ್ನ ಪರಸಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಅಳಲಿಲ್ಲ.

“ನೋಟ್‌ಬುಕ್ ತೋರಿಸ್ರಿ,” ಅಂದರು ಸಾಹೇಬರು. ನೆಲದ ಮೇಲೆ ಬರೆಸುತ್ತೇವೆ ಎಂದೆ. ಅವರು ನೆಲ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, “ಹದಿಮೂರರ ಮಗ್ಗಿ ಹೇಳು,” ಅಂದರು.

“ಹದಿಮೂರು ಏನ್ರಿ?” ಅಂದಳು ಹುಡುಗಿ.

ನಮ್ಮಲ್ಲಿ ಹದಿಮೂರು ಕಲ್ಲಿರುತ್ತಿತ್ತು, ಹದಿಮೂರು ಮೇಕೆ ಇರುತ್ತಿತ್ತು. ಬರೀ ಹದಿಮೂರನ್ನು ಅವಳು ಕಂಡಿರಲಿಲ್ಲ. ಸಾಹೇಬರು ಗಹಗಹಿಸಿ ನಕ್ಕರು. ನಾನು ಸೀಮೆಸುಣ್ಣ ಕೊಟ್ಟು, “ಬರದು ತೋರ್ಸವ್ವ,” ಅಂದೆ. ಅವಳು ಮಂಡಿಯೂರಿ ಕೂತು ಬರೆಯಲು ಹೋದಳು. ಒದ್ದೆ ಕಲ್ಲಿನ ಮೇಲೆ ಸೀಮೆಸುಣ್ಣ ಜಾರಿತು, ಗೆರೆ ಮೂಡಲಿಲ್ಲ. ಲಂಗದ ಅಂಚಿನಿಂದ ಒರೆಸಿ ಇನ್ನೊಮ್ಮೆ ಬರೆದಳು. ಮತ್ತೆ ಮೂಡಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು.

ಹೊರಡುವಾಗ ತಾಯಂದಿರಿಗೆ, “ಸ್ವಚ್ಛತಾ ಛಲೋ ಅದ,” ಅಂದರು. ಅವರ ಮುಖಗಳು ಅರಳಿದವು. ಅವತ್ತು ಶಾಲೆಗೆ ಸಿಕ್ಕ ಒಳ್ಳೆಯ ಮಾತು ಅದೊಂದೇ.

ಮಾನ್ಯತೆ ಬರಲಿಲ್ಲ, ಶಾಲೆ ಮುಚ್ಚಿತು. ಹಿರಿಯರು ಭಾಷಣ ಮಾತ್ರ ನಿಲ್ಲಿಸಲಿಲ್ಲ. ಸರ್ಕಾರಿ ಶಾಲೆಯವರು ಹುಡುಗಿಯನ್ನು ಒಂದನೆಯ ತರಗತಿಯ ಚಿಕ್ಕ ಮಕ್ಕಳ ನಡುವೆ ಕೂರಿಸಿದರು. ದೀಪಾವಳಿಯ ಹೊತ್ತಿಗೆ ಅವಳು ಶಾಲೆ ಬಿಟ್ಟು ಅವ್ವನ ಜೊತೆ ಗಣಿಯಲ್ಲಿ ಬುಟ್ಟಿ ಹೊರುತ್ತಿದ್ದಳು. ಆ ಸಾಹೇಬರನ್ನು ಇವತ್ತಿಗೂ ಕ್ಷಮಿಸಿಲ್ಲ, ಆ ಹಿರಿಯರನ್ನೂ ಕ್ಷಮಿಸಿಲ್ಲ. ಉಳಿದ ಸಿಟ್ಟನ್ನು ಯಾರ ಮೇಲೆ ಹಾಕಲಿ?

ಎಷ್ಟೋ ವರ್ಷಗಳ ಮೇಲೆ ಶಹಾಬಾದ ಸ್ಟೇಷನ್ನಿನಲ್ಲಿ ಆ ತಾಯಿ ಸಿಕ್ಕಳು. ಕೈ ಹಿಡಿದುಕೊಂಡು ಆ ದಿನವನ್ನೇ ನೆನೆಸಿಕೊಂಡಳು.

“ಅವತ್ತು ಸಾಹೇಬ್ರು ಬಂದಾಗ ನೆಲ ಹೆಂಗ ಹೊಳೀಲಿಕತ್ತಿತ್ತು, ಅಲ್ರಿ ಅಕ್ಕೋರೆ? ನನ್ನ ಮಗಳ ಪರಸಿ ನಾನೇ ತಿಕ್ಕಿದ್ದೆ. ಭಾಳ ದಿನದ ಬರಹ, ಲಗೂನ ಹೋಗಲಿಲ್ಲ. ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ.”

“ಹೌದವ್ವ,” ಅಂದೆ. “ಭಾಳ ಹೊಳೀಲಿಕತ್ತಿತ್ತು.”