ಕೊನೆಯ ಎರಡು ಚೌಕ

ಅವರ ತೋರುಬೆರಳು ಮೌಸಿನ ಮೇಲೆ ಊರುತ್ತಲೇ ಇರಲಿಲ್ಲ. ಕೊಂಚ ಮೇಲೆ, ಗಾಳಿಯಲ್ಲಿ, ಮೀನಿಗೆ ಹೊಂಚು ಹಾಕಿದ ಮಿಂಚುಳ್ಳಿಯ ಕೊಕ್ಕಿನ ಹಾಗೆ ನಿಂತಿರುತ್ತಿತ್ತು. ಅದು ಇಳಿದರೆ ಮುಗಿಯಿತು, ನನ್ನ ಉಸಿರು ನಿಂತುಬಿಡುತ್ತಿತ್ತು.

ರಾಮಕೃಷ್ಣನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಅವರು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಕಂಪ್ಯೂಟರಿನ ಬಾಂಬ್ ಆಟದ ಹುಚ್ಚು ಹಿಡಿದಿತ್ತು. ಒಂದು ಚೌಕ ಒತ್ತಿದರೆ ಅಂಕಿ ಕಾಣುತ್ತದೆ. ಸುತ್ತಲಿನ ಚೌಕಗಳಲ್ಲಿ ಎಷ್ಟು ಬಾಂಬ್ ಅಡಗಿವೆ ಅಂತ ಅದು ಹೇಳುತ್ತದೆ. ಲೆಕ್ಕ ಹಾಕಿ ಬಾಂಬಿಲ್ಲದ ಚೌಕಗಳನ್ನೆಲ್ಲ ತೆರೆದರೆ ಗೆಲುವು, ತಪ್ಪಿದರೆ ಢಮಾರ್! ಡಿಗ್ರಿ ಓದುತ್ತಿದ್ದ ನಾನು ಸಂಜೆಯಾದರೆ ಮಹಡಿ ಹತ್ತಿ ಅವರ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದೆ.

"ಇಲ್ಲಿ ಒತ್ತಿ ಆಂಟಿ" ಅಂದರೆ, "ಯಾಕೆ? ಕಾರಣ ಹೇಳು" ಅನ್ನುವರು.

"ಸುಮ್ನೆ, ಅನ್ನಿಸ್ತು."

"ಅದನ್ನ ಊಹೆ ಅನ್ನಲ್ಲ ಕಣಮ್ಮ, ಸೋಮಾರಿತನ ಅಂತಾರೆ."

ಎಲ್ಲಕ್ಕಿಂತ ಹೆಚ್ಚು ಚೌಕಗಳಿರುವ ದೊಡ್ಡ ಆಟವನ್ನು ಅವರು ಒಮ್ಮೆಯೂ ಗೆದ್ದಿರಲಿಲ್ಲ. ಒಂದು ಭಾನುವಾರ ಗೆಲುವು ಇನ್ನೇನು ಕೈಗೆ ಬಂತು ಅನ್ನುವಾಗ ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಅಂತ ಕೂಗತೊಡಗಿತು. ಸದ್ದಿಗೆ ಅಂಕಲ್ ಪೇಪರ್ ಬಿಸಾಕಿ ಓಡಿ ಬಂದರು, ಅಮ್ಮ ಸೌಟು ಹಿಡಿದೇ ಮೇಲೆ ಬಂದಳು. ಉಳಿದಿದ್ದು ಎರಡು ಚೌಕ, ಒಂದರಲ್ಲಿ ಬಾಂಬು.

"ಎಡಗಡೆದು ಒತ್ತೇ, ಆಫ್ ಆಗ್ಬುಡುತ್ತೆ!" ಅಂಕಲ್ ಕುಣಿದಾಡುತ್ತಿದ್ದರು.

"ಸ್ವಲ್ಪ ಸುಮ್ನಿರ್ರೀ!" ಆಂಟಿ ಸುತ್ತಲಿನ ಅಂಕಿಗಳನ್ನೆಲ್ಲ ಮತ್ತೆ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖ ಹೊಳೆಯುತ್ತಿತ್ತು. "ನೋಡಿದ್ಯಾ? ಯಾವ ಅಂಕಿನೂ ಬಾಯಿ ಬಿಡ್ತಿಲ್ಲ. ಈಗ ಯೋಚನೆ ಮಾಡ್ತಾ ಕೂತ್ರೆ ಅದು ಬರೀ ಭಯ."

ಬಲಗಡೆಯದನ್ನು ಒತ್ತೇಬಿಟ್ಟರು. ಢಮಾರ್!

ನಾವು ಮೂವರೂ "ಅಯ್ಯೋ" ಅಂದೆವು. ಅವರು ಮಾತ್ರ ಚಪ್ಪಾಳೆ ತಟ್ಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಂಥಾ ಆಟ ಕಣೇ!"

ಮರುವರ್ಷ ಅವರ ಕಣ್ಣಿಗೇ ಕುತ್ತು ಬಂತು. ಬಲಗಣ್ಣು ಮೊದಲೇ ಹೋಗಿತ್ತು, ಎಡಗಣ್ಣೂ ಮಸುಕಾಗತೊಡಗಿತು. ಆಪರೇಷನ್ ಮಾಡಿದರೆ ಉಳಿಯಬಹುದು, ಪೂರಾ ಹೋಗಲೂಬಹುದು ಅಂದರು ಡಾಕ್ಟರು. ಅಂಕಲ್ ಬೇಡವೆಂದು ಅತ್ತರು. ಆಂಟಿ ಇನ್ನೊಬ್ಬ ಡಾಕ್ಟರಿಗೂ ತೋರಿಸಿ, ಕೇಳಬೇಕಾದ್ದನ್ನೆಲ್ಲ ಕೇಳಿದರು. ಅವರೂ ಅದನ್ನೇ ಹೇಳಿದರು.

"ಇನ್ನು ಕೇಳೋದಕ್ಕೆ ಏನೂ ಉಳಿದಿಲ್ಲ. ನಾಳೇನೇ ಮಾಡ್ಬುಡಿ ಡಾಕ್ಟ್ರೇ" ಅಂದರು.

ಪಟ್ಟಿ ಬಿಚ್ಚಿದ ದಿನ ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು. ಅವರು ರೆಪ್ಪೆ ಬಡಿದರು, ಇನ್ನೊಮ್ಮೆ ಬಡಿದರು. ಆಮೇಲೆ ಅಂಕಲ್ ಕಡೆ ನೋಡಿ, "ಏನ್ರೀ ಇದು, ಗಡ್ಡ ಕೂಡ ಮಾಡ್ಕೊಂಡಿಲ್ಲ!" ಅಂದರು. ವಾರ್ಡಿನಲ್ಲಿ ನಾನು ಕೇಕೆ ಹಾಕಿದ್ದಕ್ಕೆ ನರ್ಸಮ್ಮ ಬಂದು ಬೈದರು.

ಆ ಕಣ್ಣು ಅವರಿಗೆ ಕೊನೆಯವರೆಗೂ ಬೆಳಕಾಗಿತ್ತು. ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಒಂದು ಚೂಡಿದಾರ್ ಕೊಳ್ಳಲೂ ಹತ್ತು ಜನರನ್ನು ಕೇಳುತ್ತಿದ್ದವಳು ನಾನು. ಈ ವರ್ಷ, ವಿಚಾರಿಸುವುದನ್ನೆಲ್ಲ ವಿಚಾರಿಸಿ ಮುಗಿಸಿ, ಕೆಲಸ ಬಿಟ್ಟು ಉದಯಗಿರಿಯಲ್ಲಿ ಸ್ವಂತ ಟ್ಯೂಷನ್ ಸೆಂಟರ್ ಶುರು ಮಾಡಿದ್ದೇನೆ. ನಿಲ್ಲುತ್ತದೋ ಬೀಳುತ್ತದೋ ಇನ್ನೂ ಗೊತ್ತಿಲ್ಲ. ಬೆಳಿಗ್ಗೆ ಷಟರ್ ಎತ್ತುವಾಗ ಎದೆ ಡವಡವ ಹೊಡೆದುಕೊಳ್ಳುತ್ತದೆ, ಆದರೆ ಭಯಕ್ಕಲ್ಲ. ಆ ಸಂಭ್ರಮ ಮಾತ್ರ ಅವರು ಕೊಟ್ಟಿದ್ದು.