ಜೀಪಿನ ತಳಕ್ಕೆ ಮೆತ್ತಿದ ಡಾಂಬರು

ನಮ್ಮಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಕಬ್ಬಿಣದ ವಿಷಯಕ್ಕೆ ಬಂದರೆ ಅವರ ಮುಂದೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪೊಂದನ್ನು ತಂದು ನಾನು ಶಿವಮೊಗ್ಗಕ್ಕೆ ಬಾಡಿಗೆ ಹೊಡೆಯತೊಡಗಿದಾಗ, ಅದಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಕೆಲಸವನ್ನು ಅವರೇ ಮೈಮೇಲೆ ಹಾಕಿಕೊಂಡರು. ನನ್ನ ತಲೆನೋವು ಶುರುವಾದದ್ದು ಅಲ್ಲಿಂದ.

ಪ್ರತಿ ಭಾನುವಾರ ಜೀಪನ್ನು ಭದ್ರಾ ಹೊಳೆಗೆ ಇಳಿಸಬೇಕು. ಎಮ್ಮೆ ತೊಳೆದ ಹಾಗೆ ತೆಂಗಿನ ನಾರಿನಿಂದ ತಿಕ್ಕಬೇಕು. ಒಳಗೂ ಬಕೆಟ್ಟುಗಟ್ಟಲೆ ನೀರು ಸುರಿಯಬೇಕು. ನೀರಿನಿಂದಲೇ ತಾನೇ ತುಕ್ಕು ಎಂದು ನಾನು ಗೊಣಗಿದರೆ, ಕೆಸರು ಕೂತರೆ ಇನ್ನೂ ಬೇಗ ಹಿಡಿಯುತ್ತದೆ ಎಂದು ಗದರುತ್ತಿದ್ದರು. ಒದ್ದೆ ಪಂಚೆಯಲ್ಲಿ ನಿಂತು ವಾದ ಮಾಡುವುದರಲ್ಲೇ ನನ್ನ ರಜೆ ಮುಗಿಯುತ್ತಿತ್ತು.

ಇನ್ನೊಂದು ಕಾಟ ದೂಳಿನದು. ನೀರು ಇಳಿದುಹೋಗಲೆಂದು ಜೀಪಿನ ತಳದಲ್ಲಿ ನಾಲ್ಕು ತೂತುಗಳಿದ್ದವು. ರಸ್ತೆಯ ಕೆಂಪು ದೂಳು ಅವುಗಳಿಂದ ಎದ್ದು ಗಿರಾಕಿಗಳ ಬಿಳಿ ಬಟ್ಟೆಗೆ ಮೆತ್ತುತ್ತಿತ್ತು. ಬೈಸಿಕೊಂಡು ಬೈಸಿಕೊಂಡು ರೋಸಿಹೋಗಿ, ರಸ್ತೆ ಕೆಲಸದವರಿಂದ ಒಂದು ಡಬ್ಬಿ ಡಾಂಬರು ಕೇಳಿ ತಂದು ನಾಲ್ಕನ್ನೂ ಮುಚ್ಚಿ, ಮೇಲೆ ರಬ್ಬರ್ ಹಾಸಿದೆ. ನೀರು ಹೋಗುವುದೆಲ್ಲಿಗೆ ಎಂದು ಅಪ್ಪ ಕೇಳಿದರು. ನೀವು ಸುರಿಯದಿದ್ದರೆ ನೀರೇ ಇರುವುದಿಲ್ಲ ಎಂದು ರೇಗಿದೆ. ಅವತ್ತಿನಿಂದ ಅವರು ಒಳಗೆ ಒಂದು ಚೊಂಬೂ ಸುರಿಯಲಿಲ್ಲ. ಆದರೆ ಮಳೆಗಾಲವಿಡೀ ಜೀಪಿನ ಹಳೇ ಕ್ಯಾನ್ವಾಸು ಹೊದಿಕೆ ಸೋರಿತು.

ಮಳೆ ನಿಂತ ಮೇಲೆ ಸರ್ಕಾರಿ ತಪಾಸಣೆ ಬಂತು. ಅದರಲ್ಲಿ ಪಾಸಾಗದಿದ್ದರೆ ಬಾಡಿಗೆ ಬಂದ್, ಮನೆಯ ಒಲೆಯೂ ಬಂದ್. ಎಂಟು ದಿನ ಮುಂಚೆ ಜೀಪನ್ನು ಶಿವಮೊಗ್ಗದಲ್ಲಿ ಅಪ್ಪನನ್ನೂ ಬಲ್ಲ ಮೆಕ್ಯಾನಿಕ್ ಸಾಬರ ಶೆಡ್ಡಿಗೆ ಒಯ್ದೆ. ಅಪ್ಪನೂ ಬಂದರು. ದಾರಿಯುದ್ದಕ್ಕೂ ನಾನು ಅವರ ಹೊಳೆಸ್ನಾನವನ್ನೇ ಆಡಿಕೊಂಡೆ.

ಸಾಬರು ರಬ್ಬರ್ ಎತ್ತಿ ತಳದ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದರು. ಹಪ್ಪಳಕ್ಕೆ ಚುಚ್ಚಿದ ಹಾಗೆ ಅದು ಕೆಳಗಿಳಿಯಿತು. ಇದೆಲ್ಲ ಹೊಳೆಯಲ್ಲಿ ತೊಳೆದದ್ದರ ಫಲ ಎಂದೆ. ಸಾಬರು ಅಲ್ಲವೆಂದು ತಲೆಯಾಡಿಸಿ, ಡಾಂಬರಿನ ಗಟ್ಟಿಯೊಂದನ್ನು ಕಿತ್ತು ಎಲ್ಲರಿಗೂ ಕಾಣುವಂತೆ ಹಿಡಿದರು.

"ಹೊಳೆ ನೀರು ಒಂದಿನಕ್ಕೆ ಆರೋಗುತ್ತೆ. ಇದನ್ನ ಮೆತ್ತಿದ್ದು ಯಾರು? ನೀರು ಒಳಗೇ ನಿಂತು ತಳ ಎಲ್ಲಾ ತಿಂದಾಕಿದೆ."

ನಾನು ಬಗ್ಗಿ ರಬ್ಬರ್ ಸುತ್ತತೊಡಗಿದೆ.

"ನಾನೇ ಸಾಬ್ರೇ," ಎಂದರು ಅಪ್ಪ. "ತಿಳೀಲಿಲ್ಲ."

ಜೀವಮಾನವೆಲ್ಲ ಕಬ್ಬಿಣದ ಜೊತೆ ಕಳೆದು ಇಷ್ಟೂ ಗೊತ್ತಾಗಲಿಲ್ಲವೇ ಯಜಮಾನರೇ ಎಂದು ಸಾಬರು ನಕ್ಕರು. ಶೆಡ್ಡಿನವರೆಲ್ಲ ನಕ್ಕರು. ಅಪ್ಪನೂ ತಲೆ ತಗ್ಗಿಸಿ ನಕ್ಕರು.

ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಕೆಂಪು ಬಣ್ಣ ಬಳಿದರು. ಜೀಪು ಪಾಸಾಯಿತು. ಆಮೇಲೆ ಎಷ್ಟೋ ವರ್ಷ ಅದೇ ಶೆಡ್ಡಿಗೆ ಹೋದೆ. ಸಾಬರು ಪ್ರತಿ ಸಲವೂ ಅಪ್ಪನ ಡಾಂಬರಿನ ಕಥೆ ತೆಗೆದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅಪ್ಪ ತೀರಿಕೊಂಡ ಮೇಲೂ.